ಬಿರುಗಾಳಿ ಬೆನ್ನಟ್ಟುವ ಅಮೆರಿಕದ ಅಣ್ಣಂದಿರಿಗೆ ಚಿಕ್ಕಬಳ್ಳಾಪುರದಿಂದ ಒಂದು ಆಹ್ವಾನ

ಓಕ್ಲಹೋಮ, ಕ್ಯಾನ್ಸಸ್, ಟೆಕ್ಸಾಸ್ ಸೀಮೆಗಳಲ್ಲಿ ಸುಂಟರಗಾಳಿಯ ಬೆನ್ನು ಹತ್ತಿ ಕಾರು ಓಡಿಸುವ ಸಕಲ ಅಣ್ಣ-ಅಕ್ಕಂದಿರಿಗೆ,

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ತಾಲ್ಲೂಕುಗಳ ದ್ರಾಕ್ಷಿ, ಟೊಮೆಟೊ, ಮಾವು, ಹಿಪ್ಪುನೇರಳೆ ಬೆಳೆಗಾರರ ಪರವಾಗಿ, ಅವರು ಯಾರೂ ಕೇಳದಿದ್ದರೂ ನಾನೇ ಮೈಮೇಲೆ ಹಾಕಿಕೊಂಡು ಬರೆಯುತ್ತಿರುವ ಪತ್ರ. ಏಪ್ರಿಲ್, ಮೇ ಎಂದರೆ ನಿಮಗೂ ನಮಗೂ ಒಂದೇ ಕಾಲ. ಅಲ್ಲಿ ನಿಮ್ಮ ಕಾರುಗಳು ಹೊರಡುವ ಹೊತ್ತಿಗೆ ಇಲ್ಲಿ ಅಶ್ವಿನಿ ಮಳೆ ಮುಗಿದು ಭರಣಿ ಹಿಡಿದಿರುತ್ತದೆ. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಎಂದು ನಮ್ಮ ಹಿರಿಯರು ಹೇಳಿಹೋಗಿದ್ದಾರೆ. ಮಳೆಯ ಜೊತೆಗೆ ಕಲ್ಲೂ ಬಂದರೆ ಏನು ಮಾಡಬೇಕೆಂದು ಮಾತ್ರ ಹೇಳಿಲ್ಲ.

ನಿಮಗೆ ನಮ್ಮಲ್ಲಿ ಭಾರಿ ಅಭಿಮಾನಿ ಬಳಗವಿದೆ. ರಾತ್ರಿ ಹುಳುವಿಗೆ ಕೊನೆಯ ಸೊಪ್ಪು ಹಾಕಿ ಬಂದ ಶಿಡ್ಲಘಟ್ಟದ ಕಡೆಯ ಹುಡುಗರು ಮಲಗುವ ಮುಂಚೆ ಮೊಬೈಲಿನಲ್ಲಿ ನೋಡುವುದು ನಿಮ್ಮನ್ನೇ. ಅದರಲ್ಲೂ ರಾತ್ರಿಯ ಬೇಟೆ ಎಂದರೆ ಅವರಿಗೆ ಪ್ರಾಣ. ಪರದೆಯ ತುಂಬ ಕತ್ತಲು, ವೈಪರ್ ಸದ್ದು, ಯಾರೋ ಒಬ್ಬನ ಏದುಸಿರು. ಮಿಂಚು ಹೊಡೆದ ಅರೆಕ್ಷಣ ಮೋಡದಿಂದ ನೆಲಕ್ಕೆ ಇಳಿದ ಕಪ್ಪು ಕಂಬ ಕಾಣುತ್ತದೆ, ಮತ್ತೆ ಕತ್ತಲು. ಆಮೇಲೆ ಅದರ ಬುಡದಲ್ಲಿ ಹಸಿರು-ನೀಲಿ ಬೆಳಕು ಭಗ್ಗೆಂದು ಹೊತ್ತಿ ಆರುತ್ತದೆ. ಕಾರಿನೊಳಗಿನವರು ಕಿರುಚುತ್ತಾರೆ. ನಮ್ಮ ಹುಡುಗರು ಕಣ್ಣು ಮಿಟುಕಿಸದೆ ‘ಟಿಸಿ ಹೋಯ್ತು’ ಎನ್ನುತ್ತಾರೆ. ಕತ್ತಲಲ್ಲಿ ಸುಂಟರಗಾಳಿ ಎಲ್ಲಿದೆ ಎಂದು ನಿಮಗೆ ಗೊತ್ತಾಗುವುದು ವಿದ್ಯುತ್ ತಂತಿ ಹರಿದು ಟ್ರಾನ್ಸ್‌ಫಾರ್ಮರ್ ಸಿಡಿಯುವ ಆ ಬೆಳಕಿನಿಂದ. ಇನ್ನೆಷ್ಟು ದಿನ ಮೋಟರು ಓಡುವುದಿಲ್ಲ ಎಂದು ನಾವು ಲೆಕ್ಕ ಹಾಕುವುದೂ ಅದೇ ಬೆಳಕಿನಿಂದ. ವಿದ್ಯೆ ಒಂದೇ, ಉಪಯೋಗ ಬೇರೆ.

ನಿಮ್ಮ ಕೆಲಸವನ್ನು ನಾನು ಹಗುರವಾಗಿ ಕಾಣುತ್ತಿಲ್ಲ. 2021ರ ಡಿಸೆಂಬರ್ 10ರ ರಾತ್ರಿ ಕೆಂಟಕಿಯ ಮೇಫೀಲ್ಡ್ ಊರನ್ನು ಸೀಳಿದ ಸುಂಟರಗಾಳಿ 266 ಕಿಲೋಮೀಟರ್ ನೆಲದ ಮೇಲೆಯೇ ಓಡಿ 57 ಜನರನ್ನು ಬಲಿ ತೆಗೆದುಕೊಂಡದ್ದು ನಮಗೂ ಗೊತ್ತು. ಹಗಲಿನದಕ್ಕಿಂತ ರಾತ್ರಿಯ ಸುಂಟರಗಾಳಿ ಜೀವ ತೆಗೆಯುವ ಸಂಭವ ಎರಡೂವರೆ ಪಟ್ಟು ಎಂದು ನಿಮ್ಮ ವಿದ್ವಾಂಸರೇ ಲೆಕ್ಕ ಹಾಕಿದ್ದಾರೆ. ಜನ ಮಲಗಿರುತ್ತಾರೆ, ಬರುವುದು ಕಾಣುವುದಿಲ್ಲ. 2013ರ ಮೇ 31ರಂದು ಎಲ್ ರೀನೊದಲ್ಲಿ 4 ಕಿಲೋಮೀಟರಿಗೂ ಹೆಚ್ಚು ಅಗಲದ ಸುಂಟರಗಾಳಿ ಟಿಮ್ ಸಮರಾಸ್, ಅವರ ಮಗ ಪಾಲ್ ಮತ್ತು ಜೊತೆಗಾರ ಕಾರ್ಲ್ ಯಂಗ್ ಅವರನ್ನು ನುಂಗಿತು. ಅವರು ಮೋಜಿಗೆ ಹೋದವರಲ್ಲ, ಅಳತೆ ಮಾಡಲು ಹೋದವರು. ಅವರಿಗೆ ನಮಸ್ಕಾರ. ಈ ಪತ್ರ ಉಳಿದವರಿಗೆ: ಸಾವಿರಾರು ಡಾಲರ್ ಕೊಟ್ಟು, ವ್ಯಾನಿನ ಕಿಟಕಿ ಪಕ್ಕದ ಸೀಟು ಕಾದಿರಿಸಿ, ಕೇಡು ಯಾವ ದಿಕ್ಕಿನಲ್ಲಿದೆ ಎಂದು ಹುಡುಕಿಕೊಂಡು ಹೋಗುವ ಪ್ರವಾಸಿಗಳಿಗೆ. ಅಷ್ಟು ಕಷ್ಟ ಯಾಕೆ ಸ್ವಾಮಿ? ಇಲ್ಲಿಗೆ ಬನ್ನಿ. ಇಲ್ಲಿ ಯಾರೂ ಬೆನ್ನಟ್ಟಬೇಕಾಗಿಲ್ಲ, ಅದೇ ಹೊಲಕ್ಕೆ ಬರುತ್ತದೆ. ಟಿಕೆಟ್ ಇಲ್ಲ.

ಮೊದಲೇ ಒಂದು ಮಾತು ಒಪ್ಪಿಸಿಬಿಡುತ್ತೇನೆ, ಆಮೇಲೆ ಮೋಸ ಎನ್ನಬಾರದು. ನಿಮ್ಮಲ್ಲಿಯಂಥ ಸುಂಟರಗಾಳಿ ನಮ್ಮ ದಾಸ್ತಾನಿನಲ್ಲಿ ಇಲ್ಲ. ಅದಕ್ಕೆ ನೆಲದ ಮಟ್ಟದಲ್ಲಿ ಬಿಸಿಯಾದ ತೇವದ ಗಾಳಿ ಬೇಕು, ಮೇಲೆ ಒಣ ತಂಪು ಗಾಳಿ ಬೇಕು. ಜೊತೆಗೆ ಎತ್ತರ ಹೋದಂತೆಲ್ಲ ಗಾಳಿಯ ವೇಗವೂ ದಿಕ್ಕೂ ಜೋರಾಗಿ ಬದಲಾಗಬೇಕು, ಆಗ ಇಡೀ ಮೋಡವೇ ತಿರುಗಲು ಶುರು ಮಾಡುತ್ತದೆ. ಮೊದಲೆರಡು ಸಾಮಾನು ಬೇಸಿಗೆಯಲ್ಲಿ ನಮ್ಮಲ್ಲೂ ಸಿಗುತ್ತವೆ. ಮೂರನೆಯದು ಈ ಪ್ರಸ್ಥಭೂಮಿಯ ಮೇಲೆ ಬಲವಾಗಿರುವುದಿಲ್ಲ. ಮೂರೂ ಒಟ್ಟಿಗೆ ಬೇಕೆಂದರೆ ಗಂಗಾ ಮುಖಜ ಭೂಮಿಗೆ ಹೋಗಿ. ಜಗತ್ತಿನಲ್ಲೇ ಅತಿ ಹೆಚ್ಚು ಜೀವ ತೆಗೆದ ಸುಂಟರಗಾಳಿ ಎದ್ದದ್ದು ನಿಮ್ಮ ದೇಶದಲ್ಲಲ್ಲ, 1989ರ ಏಪ್ರಿಲ್ 26ರಂದು ಬಾಂಗ್ಲಾದೇಶದ ದೌಲತ್‌ಪುರ-ಸಾಟುರಿಯಾದಲ್ಲಿ. ಸತ್ತವರು ಸುಮಾರು 1,300 ಮಂದಿ. ಅದರ ವಿಡಿಯೊ ಸಿಕ್ಕುವುದಿಲ್ಲ. ಅದರ ಹಿಂದೆ ಕ್ಯಾಮೆರಾ ಹಿಡಿದು ಓಡುವವರು ಇರಲಿಲ್ಲ.

ನಮ್ಮ ಕಡೆಯ ಸರಕು ಆಲಿಕಲ್ಲು. ಗಡಿ ಸೀಮೆಯವರಾದ ನಮಗೆ ಎರಡು ಭಾಷೆ, ಹಾಗಾಗಿ ತೆಲುಗಿನಲ್ಲಿ ವಡಗಳ್ಳು ಎಂದೂ ಬೈಯುತ್ತೇವೆ. ಈ ಸರಕಿನ ಗುಣಮಟ್ಟಕ್ಕೆ ಭೂಗೋಳದ ಬೆಂಬಲವಿದೆ. ಬೇಸಿಗೆಯಲ್ಲಿ ನಮ್ಮ ಮೇಲೆ ಗಾಳಿ ಹೆಪ್ಪುಗಟ್ಟುವ ಚಳಿಗೆ ಇಳಿಯುವುದು ಸಮುದ್ರ ಮಟ್ಟದಿಂದ ಸುಮಾರು 5 ಕಿಲೋಮೀಟರ್ ಎತ್ತರದಲ್ಲಿ. ಗುಡುಗಿನ ಮೋಡ ಅದನ್ನೂ ದಾಟಿ ಹನ್ನೆರಡು, ಹದಿನೈದು ಕಿಲೋಮೀಟರಿನವರೆಗೆ ಬೆಳೆಯುತ್ತದೆ. ಮೇಲೇರುವ ಗಾಳಿ ನೀರಹನಿಯನ್ನು ಅಲ್ಲಿಗೆ ಒಯ್ದು, ತಡೆದು ನಿಲ್ಲಿಸಿ, ಪದರದ ಮೇಲೆ ಪದರ ಕಟ್ಟಿಸುತ್ತದೆ. ಭಾರ ತಾಳಲಾರದೆ ಕೈಬಿಟ್ಟಾಗ ಕಲ್ಲು ಬೀಳುತ್ತದೆ. ಕರಾವಳಿಯಾದರೆ ದಾರಿಯಲ್ಲಿ ಬಿಸಿಗಾಳಿ ಸಿಕ್ಕಿ ಎಷ್ಟೋ ಕರಗಿಹೋಗುತ್ತದೆ. ನಾವೋ ಆಗಲೇ 900 ಮೀಟರ್ ಎತ್ತರದಲ್ಲಿ ಕೂತಿದ್ದೇವೆ. ಕರಗಲು ಕಲ್ಲಿಗೆ ಪುರುಸೊತ್ತು ಸಿಗುವುದಿಲ್ಲ. ಎರಡು ಸೆಂಟಿಮೀಟರ್ ದಪ್ಪದ ಕಲ್ಲು ನೆಲ ಮುಟ್ಟುವಾಗ ಗಂಟೆಗೆ ಹೆಚ್ಚುಕಡಿಮೆ 70 ಕಿಲೋಮೀಟರ್ ವೇಗದಲ್ಲಿರುತ್ತದೆ. ಅದಕ್ಕೆ ಗಾಳಿಯ ನೂಕೂ ಸೇರಿದರೆ ಅಡ್ಡಡ್ಡ ಹೊಡೆಯುತ್ತದೆ.

ಪ್ರವಾಸಿಗಳು ನೋಡಲೇಬೇಕಾದ ಸ್ಥಳಗಳ ಪಟ್ಟಿ ಕೊಡುತ್ತೇನೆ. ಚಿಕ್ಕಬಳ್ಳಾಪುರ ತಾಲ್ಲೂಕಿನ ದ್ರಾಕ್ಷಿ ಚಪ್ಪರಗಳಿಗೆ ಮಳೆಯ ಮಾರನೆಯ ಬೆಳಿಗ್ಗೆ ಹೋಗಿ. ಮೇಲಿನಿಂದ ನೋಡಿದರೆ ಎಲೆ ಹರಿದಿದೆ, ಅಷ್ಟೆ. ಚಪ್ಪರದ ಕೆಳಗೆ ಬಗ್ಗಿ ನಿಂತರೆ ದಿಲ್‌ಖುಷ್ ಗೊನೆಯಲ್ಲಿ ಹತ್ತಕ್ಕೆ ಮೂರು ಕಾಯಿ ಒಡೆದಿರುತ್ತವೆ. ಉಳಿದ ಏಳು ಚೆನ್ನಾಗಿಯೇ ಇವೆಯಲ್ಲ ಎಂದು ನೀವು ಕೇಳುತ್ತೀರಿ. ಮೂರನೆಯ ದಿನ ಬನ್ನಿ. ಒಡೆದ ಕಾಯಿಯ ರಸ ಹುಳಿತು, ಬೂಷ್ಟು ಹಿಡಿದು, ನೊಣ ಮುತ್ತಿ, ಪಕ್ಕದ ಕಾಯಿಗಳೂ ಕೊಳೆತಿರುತ್ತವೆ. ಒಂದು ಗೊನೆಯಲ್ಲಿ ಒಡೆದದ್ದನ್ನು ಮಾತ್ರ ಕತ್ತರಿಸಿ ತೆಗೆಯಲು ಕೂಲಿ ಕೊಟ್ಟರೆ ಉಳಿದದ್ದರ ಬೆಲೆ ಆ ಕೂಲಿಗೇ ಸರಿಹೋಗುತ್ತದೆ. ಇನ್ನೂ ಒಂದು ಏಟು ಕಣ್ಣಿಗೆ ಕಾಣದೆಯೇ ಇದೆ: ಬಳ್ಳಿಯ ಕಡ್ಡಿಗೆ ಬಿದ್ದ ಗಾಯ. ಮುಂದಿನ ಫಸಲು ಬರಬೇಕಾದದ್ದು ಅದೇ ಕಡ್ಡಿಯ ಕಣ್ಣಿನಿಂದ.

ಶಿಡ್ಲಘಟ್ಟದಲ್ಲಿ ಹಾನಿ ನೋಡಲು ತೋಟಕ್ಕಲ್ಲ, ಹುಳು ಮನೆಗೆ ಹೋಗಬೇಕು. ರೇಷ್ಮೆ ಹುಳು ನಾಲ್ಕನೇ ಜ್ವರದಿಂದ, ಅಂದರೆ ನಾಲ್ಕನೇ ಸಲ ಪೊರೆ ಬಿಟ್ಟು, ಎದ್ದ ಮೇಲೆ ಒಂದು ವಾರ ತಿನ್ನುವುದೇ ಕೆಲಸ. ಅದರ ಆಯುಷ್ಯದ ಒಟ್ಟು ಸೊಪ್ಪಿನಲ್ಲಿ ನೂರಕ್ಕೆ 80 ಪಾಲು ಆ ಒಂದು ವಾರದಲ್ಲೇ ಖರ್ಚು. ಆ ವಾರ ನೋಡಿಕೊಂಡೇ ಕಲ್ಲು ಬಿತ್ತೆನ್ನಿ. ಹಿಪ್ಪುನೇರಳೆ ಎಲೆ ಜರಡಿಯಾಗಿರುತ್ತದೆ. ಹರಿದು ಕೆಸರು ಹತ್ತಿದ ಒದ್ದೆ ಸೊಪ್ಪು ಹಾಕಿದರೆ ಹುಳುವಿಗೆ ರೋಗ, ಹಾಕದಿದ್ದರೆ ಉಪವಾಸ. ಹುಳು ಮನೆಯೊಳಗೆ ಒಂದು ಹನಿಯೂ ಬಿದ್ದಿಲ್ಲ. ತಟ್ಟೆಗಳು, ಚಂದ್ರಿಕೆಗಳು ಎಲ್ಲ ಜಾಗದಲ್ಲೇ ಇವೆ. ಆದರೂ ಬೆಳೆ ಹೋಯಿತು. ಇಂಥ ಹಾನಿಯ ಫೋಟೊ ತೆಗೆಯುವುದು ಹೇಗೆಂದು ಸಮೀಕ್ಷೆಯವರಿಗೂ ತಿಳಿಯುವುದಿಲ್ಲ, ನಿಮ್ಮ ಕ್ಯಾಮೆರಾಕ್ಕೂ ಸಿಗಲಿಕ್ಕಿಲ್ಲ.

ಚಿಂತಾಮಣಿಯಲ್ಲಿ ಮಾವು ಮತ್ತು ಟೊಮೆಟೊ. ಮಾವಿನದು ಸರಳ, ಗಾಳಿಗೆ ಉದುರಿದ್ದು ಉಪ್ಪಿನಕಾಯಿಗೆ. ಟೊಮೆಟೊದಲ್ಲಿ ಸ್ವಾರಸ್ಯವಿದೆ. ಕಲ್ಲು ತಗುಲಿದ ಹಣ್ಣಿನ ಮೇಲೆ ಒಂದು ಚುಕ್ಕೆ ಬೀಳುತ್ತದೆ. ಮಂಡಿಯಲ್ಲಿ ಬಾಕ್ಸ್ ತೆಗೆದು ನೋಡಿದ ಖರೀದಿದಾರ ಆ ಚುಕ್ಕೆಯನ್ನು ತೋರಿಸಿ ಬೆಲೆ ಇಳಿಸುತ್ತಾನೆ. ಅದೇ ಕಲ್ಲು ಜಿಲ್ಲೆಯ ಅರ್ಧ ತೋಟಗಳಿಗೆ ಬಿದ್ದು ಮಾಲು ಕಮ್ಮಿಯಾದರೆ, ಚುಕ್ಕೆ ಇದ್ದ ಹಣ್ಣಿಗೂ ಬಂಗಾರದ ಬೆಲೆ. ಹೀಗಾಗಿ ಚಿಂತಾಮಣಿಯ ರೈತ ದೇವರಲ್ಲಿ ಕೇಳುವುದು ಕಲ್ಲು ಬೀಳದಿರಲಿ ಎಂದಲ್ಲ, ಪಕ್ಕದ ಹೋಬಳಿಗೆ ಬೀಳಲಿ ಎಂದು. ಪಕ್ಕದ ಹೋಬಳಿಯವನ ಪ್ರಾರ್ಥನೆಯೂ ಇದೇ.

ರಾತ್ರಿಯ ಕಾರ್ಯಕ್ರಮದಲ್ಲಿ ನಿಮ್ಮ ಜೊತೆಗೆ ಸ್ಥಳೀಯರೂ ಇರುತ್ತಾರೆ, ಭಯ ಬೇಡ. ನಿಮ್ಮೂರಲ್ಲಿ ರಾತ್ರಿ ಬಿರುಗಾಳಿಗೆ ಹೊರಗೆ ಇರುವವರು ನೀವು ಮಾತ್ರ. ಬಾಕಿ ಜನ ನೆಲಮಾಳಿಗೆಯಲ್ಲಿ. ನಮ್ಮಲ್ಲಿ ಹಾಗಲ್ಲ. ಪಂಪ್‌ಸೆಟ್ಟಿಗೆ ತ್ರೀ ಫೇಸ್ ಕರೆಂಟ್ ರಾತ್ರಿ ಪಾಳಿಯಲ್ಲಿ ಕೊಟ್ಟ ದಿನ ರೈತ ಟಾರ್ಚ್ ಹಿಡಿದು ತೋಟದಲ್ಲೇ ಇರುತ್ತಾನೆ, ಕಬ್ಬಿಣದ ಸ್ಟಾರ್ಟರ್ ಪೆಟ್ಟಿಗೆಯ ಮುಂದೆ, ಒದ್ದೆ ಕಾಲಿನಲ್ಲಿ. ಸಿಡಿಲಿಗೆ ಇದಕ್ಕಿಂತ ಒಳ್ಳೆಯ ಗುರಿ ನಿಮ್ಮ ವಿಜ್ಞಾನಿಗಳಿಗೂ ಕಟ್ಟಿಕೊಡಲು ಆಗಲಾರದು. ಮುಂಜಾನೆ ಮೂರಕ್ಕೆ ಹೂ ಕೀಳುವವರು ತಲೆಗೆ ಬ್ಯಾಟರಿ ಕಟ್ಟಿಕೊಂಡು ಸೇವಂತಿಗೆ ಸಾಲಿಗೆ ಇಳಿಯುತ್ತಾರೆ, ಬೆಳಕು ಹರಿಯುವ ಮುಂಚೆ ಚಿಕ್ಕಬಳ್ಳಾಪುರದ ಹೂವಿನ ಮಾರುಕಟ್ಟೆ ಮುಟ್ಟಬೇಕಲ್ಲ. ಇವರೆಲ್ಲ ಬಿರುಗಾಳಿಯನ್ನು ಬಲು ಹತ್ತಿರದಿಂದ ನೋಡಿದವರು. ಇವರಲ್ಲಿ ಯಾರಿಗೂ ಯೂಟ್ಯೂಬ್ ಚಾನೆಲ್ ಇಲ್ಲ.

ಇನ್ನು ನಮ್ಮ ವೈಜ್ಞಾನಿಕ ಸೌಲಭ್ಯಗಳ ಬಗ್ಗೆ ಹೆಮ್ಮೆಯಿಂದ ಹೇಳಬೇಕು. ಗೌರಿಬಿದನೂರು ಸಾಮಾನ್ಯ ಊರಲ್ಲ. ಅಲ್ಲಿ 1965ರಿಂದ ಭಾಭಾ ಅಣು ಸಂಶೋಧನಾ ಕೇಂದ್ರದ ಭೂಕಂಪ ಮಾಪಕಗಳ ಸಾಲು ನೆಲಕ್ಕೆ ಕಿವಿಗೊಟ್ಟು ಕೂತಿದೆ. ಸಾವಿರಾರು ಮೈಲಿ ಆಚೆ ಯಾವನಾದರೂ ನೆಲದಡಿ ಅಣುಬಾಂಬ್ ಸಿಡಿಸಿದರೆ ಅದಕ್ಕೆ ಕೇಳಿಸುತ್ತದೆ. 1976ರಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆ ಮತ್ತು ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆ ಸೇರಿ ಅಲ್ಲಿ ಸಾವಿರ ಆಂಟೆನಾಗಳ ರೇಡಿಯೊ ದೂರದರ್ಶಕ ನಿಲ್ಲಿಸಿದವು. 1997ರಿಂದ ಅಲ್ಲಿನ ರೇಡಿಯೊಹೀಲಿಯೊಗ್ರಾಫ್ ಸೂರ್ಯನ ಹೊರ ವಾತಾವರಣವನ್ನು ಗಮನಿಸುತ್ತಿದೆ. ಅಂದರೆ ನಮ್ಮಲ್ಲೂ ಬಿರುಗಾಳಿ ಬೆನ್ನಟ್ಟುವವರು ಇದ್ದಾರೆ, ನಿಮಗಿಂತ ದೊಡ್ಡ ಬೇಟೆಗಾರರು. 15 ಕೋಟಿ ಕಿಲೋಮೀಟರ್ ದೂರದ ಸೂರ್ಯನಲ್ಲಿ ಏಳುವ ಬಿರುಗಾಳಿ ಗೌರಿಬಿದನೂರಿಗೆ ಗೊತ್ತಾಗುತ್ತದೆ. ಮಂಚೇನಹಳ್ಳಿಯಲ್ಲಿ ಎದ್ದದ್ದು ಗೊತ್ತಾಗುವುದು ತಗಡು ಹಾರಿದ ಮೇಲೆ.

ಇದರಲ್ಲಿ ಆ ವಿಜ್ಞಾನಿಗಳ ತಪ್ಪೇನೂ ಇಲ್ಲ. ಅವರಿಗೆ ಒಪ್ಪಿಸಿದ ಕೆಲಸವನ್ನು ಅವರು ಜಗತ್ತು ಮೆಚ್ಚುವಂತೆ ಮಾಡಿದ್ದಾರೆ. ಆದರೆ ಒಂದು ತಮಾಷೆ ಕೇಳಿ. ಸಿಡಿಲು ಬೆಳಕು, ಸದ್ದು ಮಾತ್ರವಲ್ಲ, ರೇಡಿಯೊ ತರಂಗಗಳನ್ನೂ ಚೆಲ್ಲುತ್ತದೆ. ಹಳೆಯ ಮೀಡಿಯಂ ವೇವ್ ರೇಡಿಯೊದಲ್ಲಿ ಬೆಂಗಳೂರು ಆಕಾಶವಾಣಿ ಕೇಳುತ್ತಿದ್ದ ನಮ್ಮ ಅಜ್ಜಂದಿರಿಗೆ ಇದು ಗೊತ್ತಿತ್ತು. ಕೃಷಿರಂಗದ ನಡುವೆ ಕರಕರ ಎಂದರೆ ಒಣಹಾಕಿದ ರಾಗಿ ಒಳಗೆ ಎಳೆಯಬೇಕು ಎಂದರ್ಥ. ಅಂಥದೇ ಕರಕರ ದೂರದರ್ಶಕದ ಆಂಟೆನಾಗಳಿಗೂ ತಟ್ಟುತ್ತದೆ. ನಕ್ಷತ್ರಗಳ ಪಿಸುಮಾತು ಆಲಿಸುವವರಿಗೆ ಅದು ಗದ್ದಲ, ಸೋಸಿ ಎಸೆಯುತ್ತಾರೆ. ನಮ್ಮ ಪಾಲಿನ ಸುದ್ದಿ ವಿಜ್ಞಾನದ ಕಸದ ಬುಟ್ಟಿಗೆ ಹೋಗುತ್ತದೆ.

ರೇಡಾರ್ ಇಲ್ಲವೇ ಎಂದು ಕೇಳುತ್ತೀರಿ. ಇದೆ, ಚೆನ್ನೈನಲ್ಲಿ, 2002ರಿಂದ. ಅಲ್ಲಿಂದ ಚಿಂತಾಮಣಿ ಹಕ್ಕಿ ಹಾರುವ ದಾರಿಯಲ್ಲಿ ಸುಮಾರು 245 ಕಿಲೋಮೀಟರ್, ಗೌರಿಬಿದನೂರು 300. ಭೂಮಿ ದುಂಡಗಿರುವುದರಿಂದ ನೇರ ಹೊರಟ ರೇಡಾರ್ ಕಿರಣ ನಮ್ಮನ್ನು ಮುಟ್ಟುವ ಹೊತ್ತಿಗೆ ನೆಲದಿಂದ ಕೆಲವು ಕಿಲೋಮೀಟರ್ ಮೇಲಿರುತ್ತದೆ. ಮೋಡದ ತಲೆ ಕಾಣುತ್ತದೆ, ಕಾಲು ಕಾಣುವುದಿಲ್ಲ. ಒದೆ ಬೀಳುವುದು ಕಾಲಿನಿಂದ. ಬೆಂಗಳೂರಿಗೆ ಡಾಪ್ಲರ್ ರೇಡಾರ್ ಬರುತ್ತದೆ ಎಂಬ ಸುದ್ದಿಯನ್ನು ವರ್ಷಗಳಿಂದ ಓದಿಕೊಂಡು ಬಂದಿದ್ದೇವೆ. ರೇಡಾರ್ ತರಿಸುವುದು ನಮ್ಮ ಸರ್ಕಾರಕ್ಕೆ ತಿಳಿಯದ ವಿದ್ಯೆಯೂ ಅಲ್ಲ. 2017ರಲ್ಲಿ ವರ್ಷಧಾರೆ ಯೋಜನೆಗೆ ವಿಮಾನಗಳನ್ನು ಬಾಡಿಗೆಗೆ ಹಿಡಿದು ಮೋಡ ಬೆನ್ನಟ್ಟಿಸಿತ್ತಲ್ಲ, ಆಗ ಮೋಡ ಹುಡುಕಲು ರೇಡಾರ್‌ಗಳೂ ಬಂದಿದ್ದವು. ಬಾರದ ಮಳೆಯನ್ನು ಕರೆಯಲು ರೇಡಾರ್ ಸಿಗುತ್ತದೆ. ಬರುವ ಮಳೆಯನ್ನು ನೋಡಲು ಬೇರೆ ಕಡತ.

ಮುನ್ಸೂಚನೆ ಇಲ್ಲವೆಂದು ಹೇಳಿದರೆ ಸುಳ್ಳಾಗುತ್ತದೆ. ‘ದಕ್ಷಿಣ ಒಳನಾಡಿನ ಒಂದೆರಡು ಕಡೆ ಗುಡುಗು ಸಹಿತ ಮಳೆ, ಗಂಟೆಗೆ 40–50 ಕಿ.ಮೀ. ವೇಗದ ಗಾಳಿ’ ಎಂದು ಹವಾಮಾನ ಇಲಾಖೆಯವರು ಹಳದಿ ಬಣ್ಣ ಬಳಿದು ದಿನಾ ಹೇಳುತ್ತಾರೆ. ಅದು ನಿಜವೂ ಆಗುತ್ತದೆ. ಒಂದೆರಡು ಕಡೆ ಯಾವುವೆಂದು ಮಾರನೆಯ ದಿನ ಪತ್ರಿಕೆ ನೋಡಿದರೆ ಗೊತ್ತಾಗುತ್ತದೆ. ಯಲಹಂಕದಲ್ಲಿ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಿದೆ; 1988ರಲ್ಲಿ ಬರ ಉಸ್ತುವಾರಿ ಕೋಶವಾಗಿ ಹುಟ್ಟಿದ್ದು, ದೇಶಕ್ಕೇ ಮೊದಲನೆಯದು. ಗ್ರಾಮ ಪಂಚಾಯಿತಿಗೊಂದರಂತೆ ಮಳೆ ಮಾಪಕ ನೆಟ್ಟು ಕಾಲುಗಂಟೆಗೊಮ್ಮೆ ಲೆಕ್ಕ ತರಿಸುತ್ತದೆ. ಸಿಡಿಲು ಬಡಿಯುವ ಮುನ್ನ ಎಚ್ಚರಿಸಲು ‘ಸಿಡಿಲು’ ಆ್ಯಪ್ ಮಾಡಿದೆ. ಪುಣೆಯ ಹವಾಮಾನ ವಿಜ್ಞಾನಿಗಳ ‘ದಾಮಿನಿ’ ಆ್ಯಪ್ ಬೇರೆ ಇದೆ. ಇಷ್ಟೊಂದು ವ್ಯವಸ್ಥೆ ಎಷ್ಟು ರಾಜ್ಯಗಳಲ್ಲಿದೆ? ಆದರೆ ಮಾಪಕ ಅಳೆಯುವುದು ನೀರನ್ನು. ಕಲ್ಲು ಅದರ ಬಾಯಿಗೆ ಬಡಿದು ಪುಟಿದು ಆಚೆ ಬೀಳುತ್ತದೆ, ಒಳಗೆ ಬಿದ್ದದ್ದು ಕರಗುವವರೆಗೆ ಲೆಕ್ಕಕ್ಕೆ ಸಿಗುವುದಿಲ್ಲ. ಹತ್ತೇ ನಿಮಿಷ ಕಲ್ಲು ಸುರಿದು ತೋಟ ಬೋಳಾದ ರಾತ್ರಿಯ ದಾಖಲೆ ನೋಡಿ: ಸಾಧಾರಣ ಮಳೆ.

ಆಮೇಲೆ ಶುರುವಾಗುತ್ತದೆ ನಮ್ಮ ಕಡೆಯ ಬೆನ್ನಟ್ಟುವಿಕೆ. ಇದರಲ್ಲಿ ನೀವು ನಮ್ಮ ಹತ್ತಿರ ಟ್ಯೂಷನ್‌ಗೆ ಬರಬೇಕು. ಬೆಳೆ ವಿಮೆ ಇದ್ದರೆ 72 ಗಂಟೆಯೊಳಗೆ ತಿಳಿಸಬೇಕು. ಟಿಸಿ ಹೋಗಿ ಮೊಬೈಲ್ ಸತ್ತಿರುವುದು ಅದೇ 72 ಗಂಟೆ. ಕಂದಾಯ, ತೋಟಗಾರಿಕೆ ಇಲಾಖೆಗಳ ಜಂಟಿ ಸಮೀಕ್ಷೆಗೆ ಇಬ್ಬರೂ ಒಟ್ಟಿಗೆ ಸಿಗಬೇಕು. ಹಾನಿ ನೂರಕ್ಕೆ 33 ದಾಟಿರಬೇಕು. ಮೊದಲ ದಿನ ಹತ್ತಕ್ಕೆ ಮೂರು ಕಾಯಿ ಒಡೆದ ದ್ರಾಕ್ಷಿ ಗೊನೆಯನ್ನು ಒಮ್ಮೆ ನೆನೆಸಿಕೊಳ್ಳಿ, 30 ಆಯಿತು, ನಮಸ್ಕಾರ. ದಾಟಿತು ಎಂದೇ ಇಟ್ಟುಕೊಳ್ಳೋಣ. 2022ರಿಂದ 2026ರವರೆಗಿನ ಅವಧಿಗೆ ಕೇಂದ್ರ ನಿಗದಿ ಮಾಡಿದ ದರ ಬಹುವಾರ್ಷಿಕ ಬೆಳೆಗೆ ಹೆಕ್ಟೇರಿಗೆ 22,500 ರೂಪಾಯಿ, ಅದೂ ಎರಡು ಹೆಕ್ಟೇರಿನವರೆಗೆ. ಎಕರೆ ಲೆಕ್ಕದಲ್ಲಿ 9,100. ದ್ರಾಕ್ಷಿ ತೋಟದ ಔಷಧಿ ಅಂಗಡಿಯ ಬಾಕಿ ನೋಡಿದವರಿಗೆ ಈ ಮೊತ್ತದ ಹಾಸ್ಯ ಅರ್ಥವಾಗುತ್ತದೆ. ನೀವು ಒಂದು ರಾತ್ರಿ ಎರಡು ಜಿಲ್ಲೆ ದಾಟಿದ್ದೇ ದೊಡ್ಡದೆಂದು ಹೇಳಿಕೊಳ್ಳುತ್ತೀರಿ. ನಮ್ಮವರು ಒಂದು ಪಹಣಿಯ ಹೆಸರು ತಿದ್ದುಪಡಿಗೆ ಒಂದೇ ಕಟ್ಟಡದ ಎರಡು ಮಹಡಿಗಳ ನಡುವೆ ಇಡೀ ಮುಂಗಾರು ಕಳೆದಿದ್ದಾರೆ.

ಇಷ್ಟೆಲ್ಲ ಹೇಳಿದ ಮೇಲೆ ನಮ್ಮ ಕಡೆಯ ಒಂದು ಸಾಧನೆಯನ್ನೂ ಹೇಳದಿದ್ದರೆ ಊರಿಗೆ ಅನ್ಯಾಯ. ನಿಮ್ಮಲ್ಲಿ ಕಣ್ಣಾರೆ ಕಂಡವರು ಹವಾಮಾನ ಕಚೇರಿಗೆ ಕರೆ ಮಾಡಿ ಹೇಳುತ್ತಾರೆ, ಕಚೇರಿ ಅದನ್ನೂ ರೇಡಾರನ್ನೂ ಹೊಂದಿಸಿ ನಕ್ಷೆಯ ಮೇಲೆ ಗೆರೆ ಎಳೆದು ಇಂಥ ಊರಿನವರು ಒಳಗೆ ಹೋಗಿ ಎನ್ನುತ್ತದೆ. ನಮ್ಮಲ್ಲಿ ಆ ಕೆಲಸವನ್ನು ನೆಂಟರು ಮಾಡುತ್ತಾರೆ. ಚೇಳೂರಿನಲ್ಲಿ ಕಲ್ಲು ಬಿದ್ದ ಕೂಡಲೇ ಭಾಮೈದ ಚಿಂತಾಮಣಿಗೆ ಫೋನು ಹಚ್ಚುತ್ತಾನೆ: ‘ಭಾವ, ಇಲ್ಲಿ ಶುರುವಾಯ್ತು, ಗಾಳಿ ನಿಮ್ಮ ಕಡೆಗೇ ಐತೆ, ಟೊಮೆಟೊ ಬಾಕ್ಸ್ ಒಳಗೆ ಎಳ್ಕೊಳ್ಳಿ.’ ಅತ್ತಿಗೆ ಶಿಡ್ಲಘಟ್ಟದ ತವರಿಗೆ ಹೇಳುತ್ತಾಳೆ, ಅವರು ಮಳೆಗೆ ಮುಂಚೆ ಆದಷ್ಟು ಸೊಪ್ಪು ಕೊಯ್ದು ಒಳಗೆ ತುಂಬುತ್ತಾರೆ. ಅರ್ಧ ಗಂಟೆ ಸಿಕ್ಕರೆ ಒಂದು ದಿನದ ಸೊಪ್ಪು ಉಳಿಯುತ್ತದೆ, ಕಟ್ಟಿದ ಹಸು ಕೊಟ್ಟಿಗೆಗೆ ಬರುತ್ತದೆ, ಸ್ಟಾರ್ಟರ್ ಮುಂದಿನ ಮನುಷ್ಯ ಮನೆಗೆ ಬರುತ್ತಾನೆ. ಯಾವ ಸರ್ಕಾರದ ಸಹಾಯವೂ ಇಲ್ಲದೆ ನಡೆಯುವ ಈ ಮುನ್ನೆಚ್ಚರಿಕೆ ಜಾಲಕ್ಕೆ ಇರುವ ಕೊರತೆ ಒಂದೇ: ಮಳೆ ಬರುವ ದಿಕ್ಕಿನಲ್ಲಿ ನೆಂಟಸ್ತಿಕೆ ಇರಬೇಕು. ಮುಂದೆ ಹೆಣ್ಣು ಕೊಡುವಾಗ, ತರುವಾಗ ಗಾಳಿಯ ದಿಕ್ಕನ್ನೂ ನೋಡಬೇಕೆಂದು ಹಿರಿಯರಲ್ಲಿ ನನ್ನ ವಿನಂತಿ.

ಹಾಗಾಗಿ ಆಹ್ವಾನದ ಜೊತೆ ಒಂದು ಷರತ್ತಿದೆ. ಬರುವವರು ನಿಮ್ಮ ಲಾರಿಯ ಮೇಲಿನ ಡಾಪ್ಲರ್ ರೇಡಾರನ್ನು ತನ್ನಿ. 1999ರ ಮೇ 3ರಂದು ಓಕ್ಲಹೋಮದಲ್ಲಿ ಗಂಟೆಗೆ 480 ಕಿಲೋಮೀಟರ್ ಮೀರಿದ ಗಾಳಿಯನ್ನು ಅಳೆದದ್ದು ಅಂಥ ಲಾರಿಯೇ. ನಮಗೆ ಅಷ್ಟೆಲ್ಲ ಬೇಡ, ಅದರ ಸಣ್ಣ ತಮ್ಮನಾದರೂ ಸಾಕು. ಸುತ್ತ ನೂರು ಕಿಲೋಮೀಟರ್ ಒಳಗಿನ ಮೋಡದ ಹೊಟ್ಟೆಯೊಳಗೆ ನೀರಿದೆಯೋ ಕಲ್ಲಿದೆಯೋ ಎಂದು ಹೇಳಿದರಾಯಿತು. ನಿಲ್ಲಿಸಲು ಜಾಗ ನಾನು ತೋರಿಸುತ್ತೇನೆ. ನಂದಿಬೆಟ್ಟ, ಎತ್ತರ 1,478 ಮೀಟರ್. ಅಲ್ಲಿಂದ ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಗೌರಿಬಿದನೂರು, ಚಿಂತಾಮಣಿ ನಾಲ್ಕೂ ಹಕ್ಕಿ ಹಾರುವ ದಾರಿಯಲ್ಲಿ 45 ಕಿಲೋಮೀಟರ್ ಒಳಗೆ. ಬೆಟ್ಟದ ಮೇಲೆ ದೊಡ್ಡ ಕೆಲಸ ನಡೆದ ಇತಿಹಾಸವೂ ಇದೆ: 2025ರ ಜುಲೈ 2ರಂದು ರಾಜ್ಯ ಸಚಿವ ಸಂಪುಟವೇ ಅಲ್ಲಿ ಸಭೆ ಸೇರಿ ಬಾಗೇಪಲ್ಲಿಗೆ ಭಾಗ್ಯನಗರ ಎಂದು ಹೆಸರಿಡಲು ತೀರ್ಮಾನಿಸಿತು. ಹೆಸರು ಬದಲಾದರೆ ಕಲ್ಲಿಗೆ ದಾರಿ ತಪ್ಪೀತು ಎಂಬ ಆಸೆ ಇದ್ದರೂ ಇರಬಹುದು.

ಪ್ರವಾಸ ಮುಗಿಸಿ ಹೊರಡುವಾಗ ಲಾರಿಯನ್ನು ಇಲ್ಲೇ ಬಿಟ್ಟು ಹೋಗಿ. ಕೀಲಿ ಯಾರಿಗೆ ಕೊಡಬೇಕೆಂದು ಕೇಳಬೇಡಿ. ಹವಾಮಾನದವರು ವಿಕೋಪದವರಿಗೆ, ವಿಕೋಪದವರು ತೋಟಗಾರಿಕೆಯವರಿಗೆ ಪತ್ರ ಬರೆಯಲು ಶುರು ಮಾಡಿದರೆ ಇನ್ನೆರಡು ಭರಣಿ ಕಳೆಯುತ್ತದೆ. 2024ರ ಸೆಪ್ಟೆಂಬರಿನಲ್ಲಿ ಕೇಂದ್ರ ಸಂಪುಟ ಒಪ್ಪಿದ ಮಿಷನ್ ಮೌಸಮ್‌ಗೆ 2,000 ಕೋಟಿ ರೂಪಾಯಿ ಇದೆ ಎಂದು ಕೇಳಿದ್ದೇವೆ. ಅದರಲ್ಲಿ ನಮ್ಮ ಬೆಟ್ಟಕ್ಕೊಂದು ರೇಡಾರ್ ಬಂದರೆ ನಿಮ್ಮ ಲಾರಿಯನ್ನು ತೊಳೆದು, ಕುಂಕುಮ ಇಟ್ಟು, ಮರ್ಯಾದೆಯಿಂದ ವಾಪಸ್ ಕಳಿಸುತ್ತೇವೆ. ಅಲ್ಲಿಯವರೆಗೆ ನಮಗೆ ಬೇಕಾದದ್ದು ನಾಳೆಯ ಹಳದಿ ಎಚ್ಚರಿಕೆಯಲ್ಲ, ಇವತ್ತು ರಾತ್ರಿ ಯಾವ ಹೋಬಳಿ ಎಂಬ ಒಂದು ಮಾತು, ಅರ್ಧ ಗಂಟೆ ಮುಂಚೆ, ಕನ್ನಡದಲ್ಲಿ. ತೆಲುಗಿನಲ್ಲಿ ಹೇಳಿದರೂ ನಡೆಯುತ್ತದೆ.

ಬರುವಾಗ ಎರಡು ಪಾಸ್‌ಪೋರ್ಟ್ ಸೈಜ್ ಫೋಟೊ, ಬ್ಯಾಂಕ್ ಪಾಸ್‌ಬುಕ್‌ನ ಜೆರಾಕ್ಸ್ ಇಟ್ಟುಕೊಂಡಿರಿ. ನಿಮ್ಮ ಕಾರಿನ ಗಾಜು ಒಡೆದರೆ ಅರ್ಜಿ ಹಾಕಬೇಕಾದೀತು.

ಇಂತಿ ನಿಮ್ಮ ವಿಶ್ವಾಸಿ,
ನಂದಿಬೆಟ್ಟದ ಕೆಳಗಿನ ಒಬ್ಬ ಪಹಣಿದಾರ